ರವಿವಾರದ ಆಮೆನ್

ಹಲಗೇರಿ, 9-11-1987

ಪೂಜ್ಯ ಅಯ್ಯನವರಿಗೆ ಸುಶೀಲವ್ವನ ವಂದನೆಗಳು.

ನಿನ್ನೆ ಆರಾಧನೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗ, ನಮ್ಮ ಯಜಮಾನರನ್ನು ಗುಣಪಡಿಸೆಂದು ನೀವು ಎಂದಿನಂತೆ ದೇವರನ್ನು ಬೇಡಿದಿರಿ. ಕಳೆದ ತಿಂಗಳು ಅವರ ಕುಣಿಗೆ ಮೊದಲ ಹಿಡಿ ಮಣ್ಣು ಹಾಕಿದವರು ನೀವೇ. ಸಭೆಯೆಲ್ಲ ಆಮೆನ್ ಎಂದಿತು. ಒಬ್ಬರೂ ತಲೆಯೆತ್ತಲಿಲ್ಲ.

ನನಗೆ ಜೊತೆಯಾಗಿ ಬಂದಿದ್ದ ಪಕ್ಕದ ಮನೆಯ ಜೈತೂನಬಿ ಹೊರಗೆ ಬಂದ ಮೇಲೆ ಕೇಳಿದಳು: "ಅಕ್ಕಾರ, ನಿಮ್ಮ ಮನಿಯವರು ತೀರಿಕೊಂಡಿದ್ದು ನಿಮ್ಮ ಮಂದಿಗೆ ಯಾರಿಗೂ ಗೊತ್ತಿಲ್ಲೇನ್ರಿ?"

ಸಿಟ್ಟಿನಿಂದಲೇ ಈ ಕಾಗದ ಬರೆಯಲು ಕೂತೆ. ಆದರೆ ಅಯ್ಯನವರೇ, ಅವಳು ಕೇಳುವವರೆಗೆ ನನಗೂ ಅರಿವಾಗಿರಲಿಲ್ಲ. ಎಲ್ಲರೊಂದಿಗೆ ನಾನೂ ಆಮೆನ್ ಎಂದಿದ್ದೆ.

ಬರುವ ರವಿವಾರ ರೋಗಿಗಳಲ್ಲಿ ಅವರ ಹೆಸರು ಬಿಡಿ. ಅಲ್ಲಿ ನನ್ನ ಹೆಸರು ಹೇಳಿ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಯಾರ ಹೆಸರೆಂದು ಎಲ್ಲರಿಗೂ ಕೇಳಿಸಲಿ; ಆಮೆನ್ ಆಮೇಲೆ.

ಇತಿ,
ನಿಮ್ಮ ಸಭೆಯ
ಸುಶೀಲವ್ವ