ಹಿರೇಮಾಳದ ದನದ ಬಾವಿ

ಎರಡು ಸಾವಿರದ ಇನ್ನೂರ ಹದಿನಾಲ್ಕನೇ ಇಸವಿ, ಚೈತ್ರದ ಮೂವತ್ತೆಂಟನೇ ದಿನ.

ನಮ್ಮ ಊರುಗಳ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆಗೆ ಏರಿಸುತ್ತಿರುವ, ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಫಕೀರಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಗೆ ಮುಗಿಯುವ ಲಕ್ಷಣವೇ ಕಾಣದ್ದರಿಂದ ನಮ್ಮವರು ಚೈತ್ರಕ್ಕೆ ಹತ್ತು ದಿನ ಕೂಡಿಸಿಕೊಂಡಿದ್ದಾರೆ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಮಾತು ಒಂದೆರಡು ಬಂದಾವು, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಕೂಡುನಕ್ಷೆಯ ಕೆಲಸದವನು. ನಿಮ್ಮ ಕಾಲದಲ್ಲಿ ಒಂದೊಂದು ಕಚೇರಿಯೂ ತನ್ನ ನಕ್ಷೆಯನ್ನು ತನ್ನದೇ ಲೆಕ್ಕದಲ್ಲಿ ಬರೆದು ತನ್ನ ಕಂಪ್ಯೂಟರಿನಲ್ಲೇ ಬೀಗ ಹಾಕಿ ಇಟ್ಟುಕೊಂಡಿತ್ತಂತೆ. ಅವನ್ನೆಲ್ಲ ಹುಡುಕಿ ತಂದು, ಒಂದೇ ಅಳತೆಗೆ ಹೊಂದಿಸಿ, ಎಲ್ಲರೂ ನೋಡುವಂತೆ ಮಾಡಿದ್ದೇ ಕೂಡುನಕ್ಷೆ. ಅದನ್ನು ಕೇಳದೆ ಇಲ್ಲಿ ಯಾರೂ ಒಂದು ಬುಟ್ಟಿ ಮಣ್ಣು ತೆಗೆಯುವುದಿಲ್ಲ. ನೀರಿನ ಕೊಳವೆ ಹಾಕುವ ಯಂತ್ರಕ್ಕೆ ನಾವು ನೆಲಹುಳ ಎನ್ನುತ್ತೇವೆ. ಅದು ಆಳದಲ್ಲಿ ತಾನೇ ಕೊರೆದುಕೊಂಡು ಹೋಗುತ್ತದೆ. ಮನೆಯ ಕೆಳಗೆ ಹಾದರೆ ಅಡುಗೆಮನೆಯ ತಾಟುಗಳು ಗಿಲಿಗಿಲಿ ಎನ್ನುತ್ತವೆ, “ಹುಳ ಬಂತು!” ಎಂದು ಎಲ್ಲರೂ ಹಾಲಿನ ಪಾತ್ರೆ ಹಿಡಿಯಲು ಓಡುತ್ತಾರೆ. ಅದಕ್ಕೆ ಕಣ್ಣಿಲ್ಲ. ನಕ್ಷೆಯಲ್ಲಿ ಗುರುತಿದ್ದರೆ ಬಳಸಿಕೊಂಡು ಹೋಗುತ್ತದೆ, ಇಲ್ಲದಿದ್ದರೆ ನುಗ್ಗುತ್ತದೆ.

ಹಿರೇಮಾಳ ಎಂಬ ಊರಿನವರು ಹಿಂದೆ ಎರಡು ಮೆಟ್ಟಿಲುಬಾವಿ ಕಟ್ಟಿಸಿದ್ದರು. ಒಂದು ಜನಕ್ಕೆ, ಒಂದು ದನಕ್ಕೆ. ಬಾಯಿಲ್ಲದ ಜೀವಕ್ಕೆ ಕಟ್ಟಿದ್ದು ಒಂದು ಗೇಣೂ ಕಡಿಮೆಯಾಗಬಾರದು ಎಂಬುದು ಆ ಸೀಮೆಯ ಕಟ್ಟುಪಾಡು. ಅಗಲ, ಆಳ, ಮೆಟ್ಟಿಲ ಲೆಕ್ಕ, ಎಲ್ಲ ಒಂದೇ. ಜನರ ಬಾವಿಗೂ ದನ ಇಳಿಯುವಷ್ಟು ಅಗಲದ ಮೆಟ್ಟಿಲು.

ನನಗೆ ಇದು ಗೊತ್ತಿರಲಿಲ್ಲ. ನನ್ನ ಮುಂದೆ ಇದ್ದದ್ದು ಎರಡು ಕಚೇರಿಗಳ ಎರಡು ನಕ್ಷೆ. ಒಂದರಲ್ಲಿ ಜನರ ಬಾವಿ ಮಾತ್ರ, ಇನ್ನೊಂದರಲ್ಲಿ ದನದ ಬಾವಿ ಮಾತ್ರ. ಎರಡರಲ್ಲೂ ಬರೆದದ್ದು ‘ಮೆಟ್ಟಿಲುಬಾವಿ’ ಎಂದಷ್ಟೇ. ನಡುವೆ ನಲವತ್ತು ಹೆಜ್ಜೆ. ಎರಡನೆಯ ಕಚೇರಿಯ ಗುರುತುಗಳು ಎಲ್ಲ ಊರಲ್ಲೂ ನಿಜವಾದ ಜಾಗದಿಂದ ಅಷ್ಟು ದೂರ ಸರಿದೇ ಇರುತ್ತಿದ್ದವು. ನಮ್ಮ ನಿಯಮದಂತೆ ಬಗೆ ಒಂದೇ, ಅಳತೆ ಒಂದೇ, ಐವತ್ತು ಹೆಜ್ಜೆಯ ಒಳಗಿದ್ದರೆ ಅದು ಒಂದೇ ವಸ್ತು. ದನದ ಬಾವಿಯನ್ನು ಅಳಿಸಿದೆ.

ಕೂಡುನಕ್ಷೆ ಎಲ್ಲರಿಗೂ ಕಾಣುವುದರಿಂದ ಆ ಊರಿನ ದುರಗವ್ವನಿಗೂ ಕಂಡಿತು. ಅವಳ ಎಮ್ಮೆಗಳು ನೀರು ಕುಡಿಯುವುದು ಅಲ್ಲೇ. ಹನ್ನೆರಡು ಮೈಲಿ ನಡೆದು ಕಚೇರಿಗೆ ಬಂದಳು.

“ತಮ್ಮಾ, ನಮ್ಮೂರಾಗ ಎರಡು ಬಾವಿ ಅದಾವು. ಒಂದ ಯಾಕ ಬರದಿ?”

“ಯವ್ವಾ, ಎರಡರದೂ ಅಳತಿ ಒಂದ ಐತಿ.”

“ಅವಳಿ ಮಕ್ಕಳ ಅಳತಿನೂ ಒಂದ ಇರತೈತಿ. ಒಂದನ್ನ ಹೂಳತಿಯೇನು? ಒಮ್ಮಿ ಬಂದರ ನೋಡು.”

ನಕ್ಕೆ. ಚಹಾ ಕೊಟ್ಟೆ. ಅವಳ ಮಾತು ಬರೆದುಕೊಳ್ಳೋಣವೆಂದರೆ ನಮ್ಮ ನಮೂನೆಯಲ್ಲಿ ಊರವರ ಮಾತಿಗೆ ಅಂಕಣವಿರಲಿಲ್ಲ. ಆ ತಿಂಗಳು ಇನ್ನೂ ಮುನ್ನೂರು ಊರು ಬಾಕಿ ಇದ್ದವು. ಹೋಗಿ ನೋಡಲಿಲ್ಲ. ಅರ್ಧ ದಿನದ ಕೆಲಸ ಅದು.

ಹುಳ ಜನರ ಬಾವಿಯನ್ನು ಶಿಸ್ತಾಗಿ ಬಳಸಿಕೊಂಡು ಹೋಗಿ ದನದ ಬಾವಿಗೆ ನುಗ್ಗಿತು. ಮೆಟ್ಟಿಲುಗಳು ಒಂದರ ಮೇಲೊಂದು ಕುಸಿದವು. ಎಮ್ಮೆಗಳು ಮೇಯಲು ಹೋಗಿದ್ದವು, ಅದೊಂದು ಪುಣ್ಯ. ಅಂದು ಮೊದಲ ಸಲ ಹಿರೇಮಾಳಕ್ಕೆ ಹೋದೆ. ದುರಗವ್ವ ಬೈಯಲಿಲ್ಲ. ಬೈದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

“ಬಾರಪಾ, ಈಗ ಅಳತಿ ತಗೋ. ಈಗ ಖರೇನ ಒಂದ ಐತಿ,” ಎಂದಳು.

ಕಚೇರಿಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ನಿಯಮದ ಪ್ರಕಾರವೇ ನಡೆದಿದ್ದೇನಂತೆ. “ಇಲ್ಲೊಂದು ಬಾವಿ ಇತ್ತು, ನಾನು ಅಳಿಸಿದೆ” ಎಂದು ನಕ್ಷೆಯಲ್ಲೇ ಬರೆಯಲು ಹೋದೆ. ಅದಕ್ಕೂ ಅಂಕಣವಿಲ್ಲ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಅಳತೆಯನ್ನು ಒಂದು ಮಾಡಬೇಡಿ, ನಕ್ಷೆ ಹಂಚಿಕೊಳ್ಳಬೇಡಿ ಎನ್ನುತ್ತಿಲ್ಲ. ಆ ಎರಡು ಕಚೇರಿಗಳು ನಿಮ್ಮ ಕಾಲದಲ್ಲೇ ಕೂತು ಮಾತಾಡಿದ್ದರೆ ಎರಡೂ ಬಾವಿ ಒಂದೇ ಹಾಳೆಯ ಮೇಲೆ ಇರುತ್ತಿದ್ದವು. ಮಾತಾಡಿ. ನಮೂನೆ ಮಾಡುವಾಗ ಊರವರ ಮಾತಿಗೊಂದು ಅಂಕಣ ಬಿಡಿ. ಹೊಂದಿಸಿದ ಮೇಲೂ ಮೂಲ ನಕ್ಷೆಯನ್ನು ಅಳಿಸಬೇಡಿ.

ನಿಮ್ಮ ಕಾಲದಲ್ಲಿ ಎರಡೂ ಇವೆ. ಒಂದು ದಿನ ಬಿಡುವು ಮಾಡಿಕೊಂಡು ಹಿರೇಮಾಳಕ್ಕೆ ಹೋಗಿ. ಎಮ್ಮೆ ಕಾಯುವವರು ಯಾರಾದರೂ ಸಿಕ್ಕರೆ ಜೊತೆಗೆ ಕರೆದುಕೊಳ್ಳಿ. ಮೊದಲು ದನದ ಬಾವಿಯನ್ನು ಅಳೆಯಿರಿ.

ಇಂತಿ,
ಫಕೀರಪ್ಪ