ಎಡಗೈ ಸುರುಳಿ, ಬಲಗೈ ಸುರುಳಿ

ಮನೆಯಿಂದ,
ಅಕ್ಟೋಬರ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೋದ ಸಲ ಬರೆದಿದ್ದ ಸೊಂಟದ ಹಿಡಿತ ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ಕರೆಂಟಿನ ಕೆಲಸ ಮಾಡುವಾಗ ಕಾಲಿಗೆ ಚಪ್ಪಲಿ ಇರಲಿ ಎಂದು ಅಮ್ಮ ಬರೆಸುತ್ತಿದ್ದಾಳೆ. ಹಡಗಿನ ಎಲೆಕ್ಟ್ರಿಷಿಯನ್‌ಗೆ ಇದನ್ನೆಲ್ಲ ಹೇಳಿಕೊಡಬೇಕೇ ಎಂದರೆ, "ನೀನು ಬರಿ, ಅವನು ಓದ್ಲಿ" ಅನ್ನುತ್ತಾಳೆ. ಬರೆದಿದ್ದೇನೆ, ಓದು. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಹೊಲಿಗೆ ಅಂಗಡಿ ನಡೆಯುತ್ತಿದೆ, ದೇಹ ದಪ್ಪವಾದದ್ದಕ್ಕೆ ಟೈಲರನ್ನು ಬೈಯುವವರು ಈಗಲೂ ಬರುತ್ತಾರೆ. ಅಪ್ಪನ ಕೈನಡುಕ ಮಾತ್ರ ಹೆಚ್ಚಾಗಿದೆ. ಹೋದ ತಿಂಗಳು ಗಡಿಯಾರದ ಅಂಗಡಿಗೆ ಬೀಗ ಹಾಕಿ ಸಾಮಾನನ್ನೆಲ್ಲ ಮನೆಗೆ ತಂದರು. ಊಟದ ಮೇಜಿನ ಸುತ್ತ ಗೋಡೆ ಗಡಿಯಾರಗಳು ಒಂದಾದ ಮೇಲೊಂದು ಗಂಟೆ ಹೊಡೆಯುತ್ತವೆ. ಈ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವುದು ಇವಷ್ಟೇ ಎಂದು ಅಮ್ಮನ ಗೊಣಗಾಟ.

ಆ ಸಾಮಾನಿನ ನಡುವೆ ನಿನ್ನ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಯಾವ ಡಬ್ಬಿ ಎಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ರೇಡಿಯೋದ ವಾರ್ತೆಗೆ ಮುಂಚಿನ ಪೀಪ್ ಸದ್ದಿಗೆ ಕಿವಿಗೊಟ್ಟು ಅಂಗಡಿಯ ದೊಡ್ಡ ಗಡಿಯಾರ ಸರಿಮಾಡುತ್ತಿದ್ದ ಕಾಲ. ಆ ರೇಡಿಯೋ ಕೇಂದ್ರ ಮುಚ್ಚಿಹೋದಾಗ ಕೈಕಾಲು ಬಿದ್ದುಹೋದವರ ಹಾಗೆ ಕೂತಿದ್ದರು. ಆಗ ನೀನು ಎಲ್ಲಿಂದಲೋ ಓದಿಕೊಂಡು ಬಂದೆ: ಎಲ್ಲೋ ದೂರದಲ್ಲಿ ಒಂದು ಕೇಂದ್ರವಿದೆ, ಅದರಲ್ಲಿ ಹಾಡಿಲ್ಲ, ಮಾತಿಲ್ಲ, ಹಗಲೂ ರಾತ್ರಿ ಬರೀ ಸಮಯ ಹೇಳುತ್ತದೆ, ಬಹಳ ಕೆಳಗಿನ ಅಲೆಯಲ್ಲಿ ಹೇಳುವುದರಿಂದ ಮಾಮೂಲಿ ರೇಡಿಯೋಗೆ ಕೇಳಿಸುವುದಿಲ್ಲ, ಅದನ್ನು ಹಿಡಿಯುವ ಪೆಟ್ಟಿಗೆಯನ್ನು ನಾವೇ ಮಾಡೋಣ ಎಂದು. "ಹಾಡಿಲ್ಲ, ಮಾತಿಲ್ಲ, ಬರೀ ಟೈಮು. ಅಂದ್ರೆ ನನ್ನ ಹಾಗೇ ಅನ್ನು" ಎಂದು ಅಪ್ಪ ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಭಾನುವಾರಗಳು ಎಷ್ಟು ಚೆನ್ನಾಗಿದ್ದವು ಅಣ್ಣಾ. ಅರ್ಧ ಬಾಗಿಲು ಎಳೆದ ಅಂಗಡಿ, ಗಡಿಯಾರದ ಎಣ್ಣೆಯ ವಾಸನೆ, ಒಂದೇ ದೀಪದ ಕೆಳಗೆ ನಿಮ್ಮಿಬ್ಬರ ತಲೆ. ನಡುವೆ ತಲೆ ತೂರಿಸಿದರೆ "ಬಾಲ, ಬೆಳಕಿಗೆ ಅಡ್ಡ ಬರಬೇಡ" ಎಂದು ನೀನು ರೇಗುತ್ತಿದ್ದೆ; ಹಿಂದೆಹಿಂದೆಯೇ ಬರುತ್ತೇನೆಂದು ನನಗೆ ನೀನಿಟ್ಟ ಹೆಸರು ಅದು. ಅಂಗಡಿಯ ಕಟ್ಟುನಿಟ್ಟು ನೆನಪಿದೆಯಲ್ಲ, ಬಿಚ್ಚಿದವನೇ ಮುಚ್ಚಬೇಕು. ಒಮ್ಮೆ ನೀನು ಯಾರದೋ ಕೈಗಡಿಯಾರ ಬಿಚ್ಚಿಟ್ಟು ಪಂದ್ಯ ನೋಡಲು ಓಡಿದ್ದೆ. ಗಿರಾಕಿ ಬಂದು ಕೂತು ಎಷ್ಟು ಗೋಗರೆದರೂ ಅಪ್ಪ ಅದನ್ನು ಮುಟ್ಟಲಿಲ್ಲ. ಧೂಳು ಬೀಳದ ಹಾಗೆ ಗಾಜಿನ ಲೋಟ ಕವುಚಿಟ್ಟು, ನೀನು ಬರುವ ತನಕ ಕಾದರು.

ಆ ಬಿಸ್ಕತ್ತಿನ ಡಬ್ಬಿಯಲ್ಲೇ ಪೆಟ್ಟಿಗೆಯನ್ನು ಶುರುಮಾಡಿದವನು ನೀನು. ಅಲೆಯನ್ನು ಹಿಡಿಯುವ ಆ ಕಪ್ಪು ಕಡ್ಡಿಯ ಮೇಲೆ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ ಬೇಕಿತ್ತು. ಅರ್ಧವನ್ನು ಅಪ್ಪ ಸುತ್ತಿದರು, ತಂತಿ ಮುಗಿಯಿತು. ಮಾರನೆಯ ದಿನ ನೀನು ಹೊಸ ತಂತಿ ತಂದು, ಹಳೆಯದಕ್ಕೆ ಬೆಸೆದು, ಮೇಲೆ ಪಟ್ಟಿ ಅಂಟಿಸಿ, ಉಳಿದರ್ಧ ಸುತ್ತಿದೆ. ಸಂಕೇತ ಸಿಕ್ಕಿದರೆ ಸೆಕೆಂಡಿಗೊಮ್ಮೆ ಪುಟ್ಟ ಕೆಂಪು ದೀಪ ಮಿನುಗಬೇಕು. ಮಿನುಗಲಿಲ್ಲ. ಕಡ್ಡಿಯನ್ನು ಆ ದಿಕ್ಕಿಗೆ ತಿರುಗಿಸಿದಿರಿ, ಈ ದಿಕ್ಕಿಗೆ ತಿರುಗಿಸಿದಿರಿ, ಪಕ್ಕದ ಮನೆಯವರ ಟಿವಿ ಆರಿಸಿದಿರಿ. ಕೊನೆಗೆ ಅಪ್ಪ "ಕೈಯಲ್ಲಿ ನಿಧಾನ ಇಲ್ದೋನು ಸುತ್ತಿದ್ರೆ ಇಷ್ಟೇ" ಅಂದರು. ನೀನು "ಮುಳ್ಳು ತಿರುಗಿಸೋರಿಗೆ ರೇಡಿಯೋ ಏನು ಗೊತ್ತಾಗುತ್ತೆ" ಅಂದೆ. ಆಮೇಲೆ ನೀನು ಬಿಚ್ಚಿದ ಮುಚ್ಚಳ ಹಾಗೇ ಬಿಟ್ಟು ಹಡಗು ಹತ್ತಿದೆ. ಅಂದಿನಿಂದ "ಅವನಿಗೆ ಹೇಳು", "ಅವರನ್ನ ಕೇಳು" ಎಂದು ನನ್ನನ್ನು ಟಪಾಲಿನವಳನ್ನಾಗಿ ಮಾಡಿಕೊಂಡಿದ್ದೀರಿ. ನನಗೆ ಸಾಕಾಗಿಹೋಗಿದೆ, ಬಿಡಿಸಿ ಹೇಳುತ್ತಿದ್ದೇನೆ.

ಡಬ್ಬಿ ನೋಡಿದ ದಿನ ಅಪ್ಪ "ಎಸೆದುಬಿಡು" ಅಂದರು. ಮಾರನೆಯ ಬೆಳಿಗ್ಗೆ ನೋಡಿದರೆ ತಾವೇ ಕಿಟಕಿಯ ಹತ್ತಿರ ಕೂತು ಬ್ರಷ್ಷಿನಿಂದ ಅದರ ಧೂಳು ತೆಗೆಯುತ್ತಿದ್ದರು. ಸೆಲ್ ತಂದುಕೊಡು ಅಂದರು, ತಂದುಕೊಟ್ಟೆ. ದೀಪ ಮಿನುಗಲಿಲ್ಲ. ನಾನು ಸುಮ್ಮನೆ ಕಡ್ಡಿಯನ್ನು ಎತ್ತಿಕೊಂಡೆ. ನೀನು ಅಂಟಿಸಿದ್ದ ಪಟ್ಟಿ ಒಣಗಿ ಏಳುತ್ತಿತ್ತು, ಪೂರ್ತಿ ಕಿತ್ತೆ. ದಿನಾ ಬಾಬಿನ್‌ಗೆ ದಾರ ಸುತ್ತುವವಳು ನಾನು, ದಾರ ಯಾವ ಕಡೆಗೆ ಸುತ್ತಿದೆ ಎಂದು ಕಣ್ಣು ತಾನಾಗಿಯೇ ನೋಡುತ್ತದೆ. ಬೆಸುಗೆಯ ಹತ್ತಿರ ತಂತಿ ಮುಂದಕ್ಕೆ ಸುತ್ತಿಕೊಂಡು ಹೋಗುವ ಬದಲು ಹೇರ್‌ಪಿನ್ನಿನ ಹಾಗೆ ಬಾಗಿ ಹಿಂದಕ್ಕೆ ಸುತ್ತಿತ್ತು. ಅಪ್ಪ ಎಡಗೈಯವರು, ನೀನು ಬಲಗೈಯವನು. ಅವರು ಒಂದು ಕಡೆಗೆ ಸುತ್ತಿದ್ದಾರೆ, ನೀನು ಇನ್ನೊಂದು ಕಡೆಗೆ. ಒಬ್ಬರ ಅರ್ಧ ಹಿಡಿದದ್ದನ್ನು ಇನ್ನೊಬ್ಬರ ಅರ್ಧ ಅಳಿಸಿಹಾಕುತ್ತಿತ್ತು. ಇಬ್ಬರೂ ಒಂದೆಳೆ ಆಚೀಚೆಯಾಗದ ಹಾಗೆ ಸುತ್ತಿದ್ದೀರಿ, ಅದು ಬೇರೆ.

ತೋರಿಸಿದೆ. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಎಲ್ಲ ಬಿಚ್ಚಿ ಹೊಸದಾಗಿ ಸುತ್ತಬೇಕೇನೋ ಎಂದುಕೊಂಡೆ. ಅಷ್ಟೇನೂ ಬೇಕಾಗಲಿಲ್ಲ. ಬೆಸುಗೆ ಬಿಡಿಸಿ, ನಿನ್ನ ಅರ್ಧದ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಅವರ ಕೈ ನಡುಗಿದ್ದರಿಂದ ಬೆಸುಗೆಯನ್ನು ನಾನು ಹಾಕಿದೆ, ಅವರು ದೀಪ ಹಿಡಿದುಕೊಂಡು "ಬಾಲ, ನಿಧಾನ" ಅನ್ನುತ್ತಿದ್ದರು. ನೀನು ನನಗಿಟ್ಟ ಹೆಸರಿನಿಂದಲೇ ಕರೆದರು, ನೋಡು. ಕಡ್ಡಿಯನ್ನು ಕಿಟಕಿಗೆ ಅಡ್ಡವಾಗಿಟ್ಟು ತಿರುಗಿಸುತ್ತ ಬಂದೆವು. ದೀಪ ಮಿನುಗಿತು. ಮತ್ತೆ ಮಿನುಗಿತು. ನಿಮಿಷ ತುಂಬುವ ಮುಂಚೆ ಒಂದು ಮಿನುಗು ತಪ್ಪುತ್ತದೆ ಎಂದು ನೀನು ಹೇಳಿದ್ದೆಯಲ್ಲ, ಹಾಗೇ ತಪ್ಪಿತು.

ಅಪ್ಪ ಎದ್ದು ದೊಡ್ಡ ಗಡಿಯಾರ ಸರಿಮಾಡುತ್ತಾರೆ ಅಂದುಕೊಂಡೆ. ಏಳಲಿಲ್ಲ. "ಹಾಗಾದ್ರೆ ಅವನು ಸುತ್ತಿದ್ದು ಸರಿಯಾಗೇ ಇತ್ತು" ಅಂದರು. "ನೀವು ಸುತ್ತಿದ್ದೂ ಸರಿಯಾಗೇ ಇತ್ತು, ತಿಂಡಿ ತಿನ್ನಿ" ಅಂದಳು ಅಮ್ಮ. ಅವರು ನಗಲಿಲ್ಲ. ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನನಗೂ ಅಳು ಬಂತು. ನಿಮ್ಮಿಬ್ಬರನ್ನೂ ಕೂರಿಸಿ ಬೈಯಬೇಕು ಎನಿಸಿತು. ನೀನೊಬ್ಬ ಎದುರಿಗೆ ಇರಲಿಲ್ಲ.

ಬಟ್ಟೆ ಕೊಡಲು ಗಿರಾಕಿ ಬಂದಿದ್ದಾರೆ, ಮುಗಿಸುತ್ತೇನೆ. ಅಮ್ಮನ ಆಶೀರ್ವಾದ, ಚಪ್ಪಲಿಯ ವಿಷಯ ಮರೆಯಬೇಡ.

ನಿನ್ನ ಪ್ರೀತಿಯ ತಂಗಿ,
ಬಾಲ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿಲ್ಲ. ನಾನು ಹಾಕಲು ಹೋದರೆ ಅಪ್ಪ ಕೈ ಹಿಡಿದುಕೊಂಡರು. "ಬಿಚ್ಚಿದೋನು ನೀನಲ್ಲ, ಅವನು" ಅಂದರು. ಸ್ಕ್ರೂಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಪಕ್ಕದಲ್ಲಿಟ್ಟಿದ್ದಾರೆ, ಪೆಟ್ಟಿಗೆಯ ಮೇಲೆ ಅಮ್ಮನ ದೊಡ್ಡ ಗಾಜಿನ ಬಟ್ಟಲು ಕವುಚಿದ್ದಾರೆ. ಕಾಗದದಲ್ಲಿ ಇದನ್ನು ಬರಿ ಎಂದು ಅವರೇ ಹೇಳಿದರು. ಅಮ್ಮನಿಗೆ ಬಟ್ಟಲು ಬೇಕಂತೆ. ನಿನಗೆ ರಜೆ ಯಾವಾಗ?