ಪಟಿಕದ ಹಲ್ಲುಪುಡಿ

ತೋಲ್ಫಾ
ಸೋಮವಾರ, ೧೪ ಮೇ ೧೯೮೪

ಮುದ್ದಿನ ಓರ್ನೆಲ್ಲಾ,

ಹೇಗಿದ್ದೀ ಮೊಮ್ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ರೋಮಿನಲ್ಲಿ ಬರೀ ಕಾಫಿ ಕುಡಿದುಕೊಂಡು ಓದುತ್ತಿದ್ದೀಯೋ? ನನ್ನ ಮೊಣಕಾಲು ನನಗಿಂತ ಹಟಮಾರಿ, ಮೊದಲಿನಂತೆಯೇ ಇದೆ. ನಿನ್ನ ಅಪ್ಪ ಕ್ಷೇಮ. ಕಟ್ಟಿಸಿದ ಹಲ್ಲನ್ನು ಊಟಕ್ಕೆ ಕೂತಾಗ ಮಾತ್ರ ಹಾಕಿಕೊಳ್ಳುತ್ತಾನೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನೀನು ಪ್ರೊಫೆಸರರ ಮುಂದೆ ಪದವಿಯ ಪ್ರಬಂಧ ಮಂಡಿಸುವ ಸುದ್ದಿ ಊರೆಲ್ಲ ಹಬ್ಬಿದೆ. ನಮ್ಮ ಬೆಟ್ಟದ ಪಟಿಕಕ್ಕೆ ಉಪ್ಪು, ಸೀಮೆಸುಣ್ಣ ಸೇರಿಸಿ ನಾನು ಪ್ರತಿ ವರ್ಷ ಶಾಲೆಗೆ ಕೊಡುವ ಪುಡಿಯಿಂದಲೇ ಇಲ್ಲಿನ ಮಕ್ಕಳ ಹಲ್ಲು ಪಕ್ಕದೂರಿನ ಮಕ್ಕಳ ಹಲ್ಲಿನಷ್ಟು ಹುಳುಕಾಗಿಲ್ಲ ಎಂದು ನೀನು ಒಂದೊಂದೇ ಬಾಯಿ ನೋಡಿ ಬರೆದಿದ್ದೀಯಲ್ಲ, ಅದನ್ನು ಪಾದ್ರಿ ಸೆತ್ತಿಮಿಯೋ ಹಿಂದಿನ ವಾರ ಪ್ರವಚನದಲ್ಲೇ ಹೊಗಳಿದರು. ಮೇಯರ್ ಆಗಲೇ ನಿನಗೆ ಅಭಿನಂದನೆಯ ಬೋರ್ಡು ಬರೆಸಿದ್ದಾನೆ, ಅವತ್ತು ಊರವರನ್ನೆಲ್ಲ ಅಲ್ಲಿಗೆ ಕರೆತರಲು ಬಸ್ಸನ್ನೂ ಗೊತ್ತು ಮಾಡಿದ್ದಾನೆ. ಮೊಣಕಾಲು ನೋವು, ನಾನು ರೋಮಿಗೆ ಬರುವುದಿಲ್ಲ ಎಂದರೆ, "ಎತ್ಕೊಂಡಾದ್ರೂ ಹೋಗ್ತೀವಿ ಅಜ್ಜಿ, ನೀವಿಲ್ದೆ ಬಸ್ಸು ಹೊರಡಲ್ಲ" ಎನ್ನುತ್ತಾನೆ. ಬ್ರೆಡ್ಡು ತರಲು ಹೋದರೂ ನಾಲ್ಕು ಜನ ಕೈ ಕುಲುಕುತ್ತಾರೆ. ಮನೆಯಿಂದ ಹೊರಗೆ ಹೋಗಲು ಭಯ, ಒಳಗೆ ಕೂತರೆ ಉಸಿರು ಕಟ್ಟುತ್ತದೆ. ಬಾಯಿ ಬಿಟ್ಟರೆ ನಿನ್ನ ಆರು ವರ್ಷದ ಓದು ಏನಾಗುತ್ತದೋ. ಮುಚ್ಚಿಕೊಂಡಿರಲೂ ನನ್ನಿಂದ ಆಗುತ್ತಿಲ್ಲ. ಎರಡು ಕಾಗದ ಬರೆದು ಒಲೆಗೆ ಹಾಕಿದೆ.

ಮಾತೆ ಮರಿಯಾ ನಿನ್ನನ್ನು ಕಾಯಲಿ. ಅಪ್ಪನ ಮುತ್ತುಗಳು.

ನಿನ್ನ ಅಜ್ಜಿ,
ಎರ್ಸಿಲಿಯಾ

ಮರೆತ ಮಾತು: ಮರೆತದ್ದಲ್ಲ, ಹೇಳಲು ಹೆದರಿದ್ದು. ಪುಡಿಗೆ ಏನೇನು ಹಾಕುತ್ತೀ ಎಂದು ನೀನು ಕೇಳಿದಾಗ ಮೂರೇ ಹೆಸರು ಹೇಳಿದೆ, ನಾಲ್ಕನೆಯದೊಂದಿದೆ. ನಿನ್ನ ಅಪ್ಪನೂ ಇದೇ ಪುಡಿಯಲ್ಲಿ ಹಲ್ಲುಜ್ಜಿ ಬೆಳೆದವನು. ಇಪ್ಪತ್ತೆಂಟಕ್ಕೇ ಅವನ ಬಾಯಿ ಬರಿದಾಯಿತು. ನೀನು ಹುಟ್ಟಿದ ಮೇಲೆ ನಾನು ಔಷಧಿ ಅಂಗಡಿಯಿಂದ ಫ್ಲೋರೈಡ್ ಮಾತ್ರೆ ತಂದು, ಅರೆದು ಬೆರೆಸತೊಡಗಿದೆ. ನಮ್ಮಮ್ಮ ಕಲಿಸಿಕೊಟ್ಟ ಪುಡಿ ಸಾಲದು ಎನ್ನಲು ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಪಟಿಕ ವಸಡು ಬಿಗಿ ಮಾಡುತ್ತದೆ, ಉಪ್ಪುನೀರು ಬಾವು ಇಳಿಸುತ್ತದೆ ಎಂದು ನೀನು ಬರೆದದ್ದು ನಿಜ, ಅದನ್ನು ಹೊಡೆದುಹಾಕಬೇಡ. ಹುಳುಕು ತಡೆದದ್ದು ಮಾತ್ರ ಅವೆರಡೂ ಅಲ್ಲ, ಆ ಮಾತ್ರೆ. ನಿನ್ನೆ ಪಾದ್ರಿಯ ಹತ್ತಿರ ಪಾಪ ಒಪ್ಪಿಕೊಂಡೆ. "ಮಕ್ಕಳ ಹಲ್ಲು ಚೆನ್ನಾಗಿರೋದು ಪಾಪಾನಾ ಎರ್ಸಿಲಿಯಾ? ಶುಕ್ರವಾರ ಕಳೀಲಿ, ಸುಮ್ನಿರು" ಎಂದುಬಿಟ್ಟರು. ರೋಮಿಗೆ ಹೋಗುವ ದಿನದ ಬಸ್ಸು ಹಾರನ್ ಹೊಡೆಯುತ್ತಿದೆ, ಡ್ರೈವರ್ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಶುಕ್ರವಾರ ಹತ್ತು ಗಂಟೆಯವರೆಗೆ ಈ ಸುಳ್ಳು ನನ್ನೊಬ್ಬಳದು. ಆಮೇಲೆ ನಿನ್ನದೂ ಆಗುತ್ತದೆ.